ಕಾರ್ಡಿನಾಟ: ಜಾಣ್ಮೆ ಎಷ್ಟು, ಜೂಜು ಎಷ್ಟು?

ಉಡುಪಿ: ಕರಾವಳಿಯಲ್ಲಿ ಕಾರ್ಡಿನಾಟ ಎಂದೊಡನೆ ಹಿರಿಯರಿಗೆ ನೆನಪಾಗುವುದು ಅಂದರ್ ಬಾಹರ್. ಕಾಪು, ಕಾರ್ಕಳ, ಮಣಿಪಾಲ ಠಾಣೆಗಳ ಜುಗಾರಿ ಪ್ರಕರಣಗಳಲ್ಲಿ ‘ಇಸ್ಪೀಟು ಎಲೆ ಹಾಗೂ ನಗದು ವಶ’ ಎಂಬ ಒಕ್ಕಣೆ ಪತ್ರಿಕೆ ಓದುವವರಿಗೆ ಚಿರಪರಿಚಿತ. ಟ್ರೇಡಿಂಗ್ ಕಾರ್ಡ್ ಆಟವನ್ನೂ ಪೋಷಕರು ಅದೇ ಶಂಕೆಯಿಂದ ನೋಡಿದರೆ ಅಚ್ಚರಿಯಿಲ್ಲ. ಆದರೆ ಶಂಕಿಸಬೇಕಾದ ಜಾಗ ಬೇರೆಯೇ ಇದೆ.

ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ‘ಮ್ಯಾಜಿಕ್: ದಿ ಗ್ಯಾದರಿಂಗ್’ 1993ರಲ್ಲಿ ಮಾರುಕಟ್ಟೆಗೆ ಬಂದಿತು. 1996ರಲ್ಲಿ ಜಪಾನಿನ ಪೋಕೆಮಾನ್ ಕಾರ್ಡುಗಳು ಬಂದವು. ಇಸ್ಪೀಟಿನಂತೆ ಎಲ್ಲರಿಗೂ 52 ಎಲೆಗಳ ಒಂದೇ ಕಟ್ಟು ಇಲ್ಲಿಲ್ಲ. ಆಟಗಾರ ತನ್ನ ಸಂಗ್ರಹದಿಂದ ಸಾಮಾನ್ಯವಾಗಿ 60 ಕಾರ್ಡುಗಳ ಕಟ್ಟನ್ನು ತಾನೇ ಹೊಂದಿಸಿಕೊಂಡು ಎದುರಾಳಿಯ ಮುಂದೆ ಕೂರಬೇಕು. ಪ್ರತಿ ಕಾರ್ಡಿನ ಮೇಲೂ ಬರಹವಿರುವುದರಿಂದ ಓದು, ಲೆಕ್ಕ, ಜ್ಞಾಪಕಶಕ್ತಿ ಮೂರೂ ಬೇಕು. ವಯಸ್ಸಿನ ಅಂತರ ಮರೆತು ಅಪರಿಚಿತರಿಬ್ಬರು ಮುಖಾಮುಖಿ ಕುಳಿತು, ಸೋತ ಮೇಲೂ ಕಾರ್ಡು ವಿನಿಮಯ ಮಾಡಿಕೊಂಡು ಮಾತಿಗಿಳಿಯುವ ಅವಕಾಶ ಮೊಬೈಲ್ ಆಟದಲ್ಲಿ ವಿರಳ. ಹಿಂದೆ ಶಾಲೆಯ ಬೆಂಚಿನಲ್ಲಿ ಟ್ರಂಪ್ ಕಾರ್ಡ್ ಆಡಿದವರಿಗೆ ಈ ರುಚಿ ಹೊಸದೇನಲ್ಲ.

‘ಮ್ಯಾಜಿಕ್’ನ ಆರಂಭದ ನಿಯಮಗಳಲ್ಲಿ ಪಣವೂ ಇತ್ತು. ಕೋಳಿ ಅಂಕದಲ್ಲಿ ಸೋತ ಕೋಳಿ ಗೆದ್ದವನ ಪಾಲಾಗುವಂತೆ, ಪಣಕ್ಕಿಟ್ಟ ಕಾರ್ಡು ಗೆದ್ದವನಿಗೆ ಸೇರುತ್ತಿತ್ತು. ಬಳಿಕ ಈ ಪದ್ಧತಿಯನ್ನು ಕೈಬಿಡಲಾಯಿತು.

ಖರ್ಚಿನ ಮೂಲ ಮೊಹರು ಮಾಡಿದ ಪೊಟ್ಟಣ. ಒಳಗೆ ಯಾವ ಕಾರ್ಡಿದೆ ಎಂಬುದು ಹರಿಯುವ ತನಕ ತಿಳಿಯದು. ಬೇಕಾದ ಕಾರ್ಡು ಸಿಗುವವರೆಗೆ ಕೊಳ್ಳುತ್ತಲೇ ಹೋಗುವ ಚಟ ಅಂಟಬಹುದು. ಸ್ಪರ್ಧೆಯ ಕೆಲವು ವಿಭಾಗಗಳಲ್ಲಿ ಹಳೆಯ ಸರಣಿಗಳು ಕಾಲಕಾಲಕ್ಕೆ ಅನರ್ಹಗೊಳ್ಳುವುದರಿಂದ, ಒಮ್ಮೆ ಹೂಡಿದ ಹಣ ಅಲ್ಲಿಗೇ ಮುಗಿಯುವುದಿಲ್ಲ. ಆಟದಲ್ಲಿ ಜಾಣ್ಮೆ ಮೇಲುಗೈಯಾದರೂ ಖರೀದಿಯಲ್ಲಿ ಅದೃಷ್ಟದ್ದೇ ಕಾರುಬಾರು. ಬಿಡಿ ಕಾರ್ಡು ಕೊಳ್ಳುವವರಿಗೆ ಈ ಅನಿಶ್ಚಿತತೆ ಇಲ್ಲ, ಆದರೆ ಅಪರೂಪದ ಕಾರ್ಡಿಗೆ ಬೆಲೆ ಹೆಚ್ಚು. ಜೇಬು ದಪ್ಪವಿದ್ದವನ ಕಟ್ಟು ಬಲವಾಗಿರುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ.

ಜಾಣ್ಮೆ–ಜೂಜುಗಳ ಗೆರೆಯನ್ನು ಸುಪ್ರೀಂ ಕೋರ್ಟ್ 1967ರಲ್ಲೇ ಎಳೆದಿತ್ತು: ರಮ್ಮಿ ಮುಖ್ಯವಾಗಿ ಕೌಶಲದ ಆಟ, ಮೂರೆಲೆಯಾಟ ಬರೀ ಅದೃಷ್ಟದ್ದು. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಕೌಶಲವೋ ಅದೃಷ್ಟವೋ ಎಂದು ನೋಡದೆ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ಮೇಜಿನ ಮೇಲೆ ಕಾಗದದ ಕಾರ್ಡುಗಳಿಂದ ಆಡುವ ಆಟಕ್ಕೆ ಅದು ಅನ್ವಯಿಸದು. ಅಂಗಡಿಯಲ್ಲಿ ಮಾರುವ ಮೊಹರು ಪೊಟ್ಟಣಗಳೂ ಅದರ ವ್ಯಾಪ್ತಿಗೆ ಹೊರಗೇ ಉಳಿದಿವೆ.