ಕೂಟ

ಮೂಡಿಗೆರೆ ಕಡೆಯ ಮದುವೆ ಕಾಗದದಲ್ಲಿ ‘ಬೀಗರ ಔತಣಕೂಟ’ ಎಂದು ಅಚ್ಚಾಗಿದ್ದರೂ ಬಾಯಲ್ಲಿ ಬರುವುದು ‘ಬೀಗರೂಟ’ವೇ. ಬಾಳೆಲೆಯ ಮೇಲೆ ಹಬೆಯಾಡುವ ಅಕ್ಕಿ ಕಡುಬು, ಪಕ್ಕದಲ್ಲಿ ಖಾರದ ಹಂದಿ ಸಾರು. ಅದರ ಮುಂದೆ ‘ಔತಣ’ ಎನ್ನಲು ಯಾರಿಗೆ ಪುರುಸೊತ್ತು?

ಕೂಟ ಅಚ್ಚಗನ್ನಡ ಪದ. ‘ಕೂಡು’ ಧಾತುವಿನ ‘ಡು’ ಹೋಗಿ ‘ಟ’ ಬಂದಿದೆ. ಓಡು–ಓಟ, ನೋಡು–ನೋಟ, ಆಡು–ಆಟ ಇದೇ ದಾರಿಯವು. ‘ಉಣ್’ ಬೇರಿನ ಊಟವೂ ಈ ಬಳಗದ್ದೇ. ಸೇರುವುದು, ಉಣ್ಣುವುದು, ನಲಿಯುವುದು ಮೂರಕ್ಕೂ ಒಂದೇ ಪ್ರಾಸ ಸಿಕ್ಕಿದ್ದು ಭಾಷೆಯ ತಮಾಷೆ ಅನ್ನಿಸುತ್ತದೆ. ಚಿತ್ರಕೂಟ, ತ್ರಿಕೂಟಗಳ ‘ಕೂಟ’ ಮಾತ್ರ ಬೇರೆ. ಅದು ಸಂಸ್ಕೃತದ್ದು, ಶಿಖರ ಎಂದರ್ಥ. ಮುಳ್ಳಯ್ಯನಗಿರಿಯ ತುದಿಯಲ್ಲಿ ಗೆಳೆಯರು ಸೇರಿದರೆ ಎರಡೂ ಅರ್ಥ ಸಲ್ಲುತ್ತವೆ.

ಪದದ ಹರವು ದೊಡ್ಡದು. ಸಂತೋಷಕೂಟ, ಚಹಾಕೂಟ (ಕಾಫಿ ಸೀಮೆಯಲ್ಲೂ ‘ಕಾಫಿಕೂಟ’ ಯಾಕೋ ಊರಲಿಲ್ಲ), ಒಕ್ಕೂಟ, ಕ್ರೀಡಾಕೂಟ. ಐದಾರು ಜನ ಕೆಟ್ಟ ಉದ್ದೇಶಕ್ಕೆ ಸೇರಿದರೆ ಪೊಲೀಸರ ಕನ್ನಡದಲ್ಲಿ ‘ಅಕ್ರಮ ಕೂಟ’. ಕಡಲಾಚೆಗೂ ಹೋಗಿದೆ: ಅಮೆರಿಕದ ‘ಅಕ್ಕ’ ಎಂದರೆ ಅಮೆರಿಕ ಕನ್ನಡ ಕೂಟಗಳ ಆಗರ, 1998ರದ್ದು.

ಇನ್ನು ಕೂಟದ ಬಳಗದ ‘ಆಟ’: ಕಳಸದ ಕಡೆ ‘ಇವತ್ತು ಆಟ ಉಂಟು’ ಎಂದರೆ ಕ್ರಿಕೆಟ್ ಅಲ್ಲ, ಯಕ್ಷಗಾನ. ಚಳಿಗೆ ಕಂಬಳಿ ಹೊದ್ದು ಗದ್ದೆ ಬಯಲಿನಲ್ಲಿ ಕೂತವರಿಗೆ ಚೆಂಡೆ ಕೇಳುತ್ತಿರಬೇಕು, ಚುರುಮುರಿ ಪೊಟ್ಟಣ ಕೈಯಲ್ಲಿರಬೇಕು.