ಹಳೆಯ ಕಾರಿನ ಮೈಬಣ್ಣ: ರಕ್ಷಣೆ ಮತ್ತು ದುರಸ್ತಿಯ ನೂರು ವರ್ಷ

ಮೋಟಾರು ಗಾಡಿಯ ಯಂತ್ರಭಾಗದ ಚರಿತ್ರೆಯನ್ನು ಬರೆದವರು ಅನೇಕರಿದ್ದಾರೆ. ಆದರೆ ಅದರ ಹೊರಮೈಯ ಚರಿತ್ರೆಯನ್ನು, ಎಂದರೆ ತಗಡಿನ ಮೇಲೆ ಬಣ್ಣವು ಹೇಗೆ ನಿಂತಿತು, ನಿಂತ ಬಣ್ಣವು ಬಿಸಿಲು ಮಳೆಗಳಿಗೆ ಮಾಸಿದಾಗ ಅದನ್ನು ಉಳಿಸಿಕೊಳ್ಳಲು ಮನುಷ್ಯನು ಯಾವ ಯಾವ ಉಪಾಯಗಳನ್ನು ಕಂಡುಕೊಂಡನು ಎಂಬುದನ್ನು, ಅಷ್ಟೇ ಶ್ರದ್ಧೆಯಿಂದ ವಿಚಾರಿಸಿದವರು ವಿರಳ. ಎಂಜಿನ್ನಿನ ಒಂದು ಭಾಗ ಸವೆದರೆ ಇನ್ನೊಂದನ್ನು ತಂದು ಕೂಡಿಸಬಹುದು. ಕಾರ್ಖಾನೆಯಲ್ಲಿ ಏರಿದ ಮೊದಲ ಬಣ್ಣವು ಒಮ್ಮೆ ಹೋಯಿತೆಂದರೆ ಅದನ್ನು ಮರಳಿ ಕೊಡುವ ಅಂಗಡಿ ಎಲ್ಲಿಯೂ ಇಲ್ಲ. ಈ ವಿದ್ಯೆಯ ಬೆಳವಣಿಗೆಯನ್ನು ಆದಿಯಿಂದ ನೋಡುತ್ತ ಬಂದರೆ, ಹಳೆಯದರ ಮೇಲೆ ಹೊಸದನ್ನು ಬಳಿಯುವುದೇ ದುರಸ್ತಿಯೆಂದು ಭಾವಿಸಿದ್ದ ಕಾಲದಿಂದ, ಇರುವುದನ್ನು ಆದಷ್ಟು ಕಡಿಮೆ ಸವೆಸಿ ಉಳಿಸಿಕೊಳ್ಳುವುದೇ ದುರಸ್ತಿಯೆಂದು ತಿಳಿದ ಕಾಲದವರೆಗೆ ಅದು ನಿಧಾನವಾಗಿ ನಡೆದು ಬಂದಿರುವುದು ಕಾಣುತ್ತದೆ.

ಮೊದಮೊದಲ ಕಾರುಗಳಿಗೆ ಬಣ್ಣ ಹಚ್ಚಿದವರು ಯೂರೋಪು ಅಮೆರಿಕಗಳಲ್ಲಿ ಕುದುರೆಗಾಡಿಗಳಿಗೆ ಬಣ್ಣ ಹಚ್ಚುತ್ತಿದ್ದ ಕುಶಲಿಗಳೇ ಆಗಿದ್ದರು. ಅಗಸೆ ಎಣ್ಣೆಯಲ್ಲಿ ಅರೆದ ವರ್ಣದ್ರವ್ಯವನ್ನು ಕುಂಚದಿಂದ ಪದರಪದರವಾಗಿ ಬಳಿದು, ಒಂದೊಂದು ಪದರವೂ ಒಣಗುವವರೆಗೆ ದಿನಗಟ್ಟಲೆ ಕಾದು, ಪ್ಯೂಮಿಸ್ ಕಲ್ಲಿನಿಂದ ನೀರು ಹಾಕಿ ಉಜ್ಜಿ, ಕಟ್ಟಕಡೆಗೆ ಕೋಪಲ್ ರಾಳದ ವಾರ್ನಿಷನ್ನು ಧೂಳು ಹೊಗದ ಕೋಣೆಯಲ್ಲಿ ಎಳೆದು ಮುಗಿಸುವ ಹೊತ್ತಿಗೆ ವಾರಗಳೇ ಉರುಳುತ್ತಿದ್ದುವು. ಆ ಮೆರುಗಿಗೆ ಇದ್ದ ಆಳವನ್ನು ಇಂದಿನ ಯಾವ ಬಣ್ಣವೂ ಸಂಪೂರ್ಣವಾಗಿ ಸರಿಗಟ್ಟಲಾರದೆಂದು ನನ್ನ ಅಭಿಪ್ರಾಯ. ಆದರೆ ಅದರ ಆಯುಷ್ಯ ಅಲ್ಪ. ಬಿಸಿಲಿಗೆ ವಾರ್ನಿಷು ಹಳದಿಯಾಗಿ, ನೀಲಿಯ ಗಾಡಿ ಹಸುರಿನತ್ತ ತಿರುಗುತ್ತಿತ್ತು. ಮೇಲ್ಮೈಯಲ್ಲಿ ಕೂದಲೆಳೆಯಂತಹ ಬಿರುಕುಗಳು ಹುಟ್ಟುತ್ತಿದ್ದುವು. ಲಾಯದಿಂದ ಏಳುವ ಅಮೋನಿಯ ಆವಿ ತಾಕದಂತೆ ಗಾಡಿಯನ್ನು ದೂರದ ಕೊಟ್ಟಿಗೆಯಲ್ಲಿ ನಿಲ್ಲಿಸಬೇಕೆಂದು ಅಂದಿನ ಜಾಣರು ಎಚ್ಚರಿಕೆ ಹೇಳುತ್ತಿದ್ದರು. ಶ್ರೀಮಂತರು ಒಂದೆರಡು ವರ್ಷಕ್ಕೊಮ್ಮೆ ವಾರ್ನಿಷನ್ನು ಹೊಸದಾಗಿ ಹಾಕಿಸುತ್ತಿದ್ದುದು ಅನಿವಾರ್ಯತೆಯಿಂದಲೇ ಹೊರತು ವಿಲಾಸಕ್ಕಾಗಿ ಅಲ್ಲ. ಫೋರ್ಡ್ ಕಂಪೆನಿಯು 1914ರಿಂದ 1925ರವರೆಗೆ ತನ್ನ ಟಿ ಮಾದರಿಯ ಕಾರನ್ನು ಕಪ್ಪು ಬಣ್ಣ ಒಂದರಲ್ಲಿಯೇ ತಯಾರಿಸಿತು. ಆಸ್ಫಾಲ್ಟ್ ಬೆರೆಸಿ ಒಲೆಯಲ್ಲಿ ಕಾಯಿಸಿ ಒಣಗಿಸುತ್ತಿದ್ದ ಆ ಕಪ್ಪು ಬಣ್ಣವು ಗಟ್ಟಿಯಾಗಿಯೂ ಅಗ್ಗವಾಗಿಯೂ ಇದ್ದು ಅವಸರದ ಉತ್ಪಾದನೆಗೆ ಒದಗಿ ಬಂದಿತು.

ಈ ವ್ಯವಸ್ಥೆಯನ್ನು ಬುಡಮೇಲು ಮಾಡಿದುದು ನೈಟ್ರೋಸೆಲ್ಯುಲೋಸ್ ಲ್ಯಾಕರು. ಸಿಡಿಮದ್ದಿನ ಹತ್ತಿಗೆ ಬಂಧುವಾದ ಈ ದ್ರವ್ಯವನ್ನು ಮೊದಲನೆಯ ಮಹಾಯುದ್ಧದ ತರುವಾಯ ಬಣ್ಣಕ್ಕೆ ಆಧಾರವಾಗಿ ಬಳಸುವ ಮಾರ್ಗವನ್ನು ಡ್ಯೂಪಾಂಟ್ ಸಂಸ್ಥೆಯವರು ಜನರಲ್ ಮೋಟಾರ್ಸ್ ಸಹಯೋಗದಿಂದ ಸಾಧಿಸಿ, 1923ರಲ್ಲಿ ಡ್ಯೂಕೋ ಎಂಬ ಹೆಸರಿನಿಂದ ಓಕ್‌ಲಂಡ್ ಕಾರುಗಳ ಮೇಲೆ ಏರಿಸಿದರು. ವಾರಗಳ ಕೆಲಸವು ಗಂಟೆಗಳಿಗೆ ಇಳಿಯಿತು. ಕುಂಚದ ಸ್ಥಾನವನ್ನು ಸಿಂಪಡಿಸುವ ಬಂದೂಕು ಆಕ್ರಮಿಸಿತು. ಕಪ್ಪಿನ ಏಕಾಧಿಪತ್ಯ ಮುಗಿದು ಬಗೆಬಗೆಯ ಬಣ್ಣಗಳು ಬೀದಿಗಿಳಿದುವು. ದುರಸ್ತಿಯ ಕೆಲಸಗಾರನಿಗೆ ಇಂದಿಗೂ ಕೈಗಳಂತೆ ಒದಗುತ್ತಿರುವ ಎರಡು ಸಾಧನಗಳೂ ಆ ದಶಕದಲ್ಲಿಯೇ ಹುಟ್ಟಿದುವು. ನೀರಿನಲ್ಲಿ ಅದ್ದಿ ಉಜ್ಜಬಹುದಾದ ಕಾಗದವನ್ನು, ಎಂದರೆ ನಮ್ಮ ಗ್ಯಾರೇಜುಗಳವರ ವಾಟರ್ ಪೇಪರನ್ನು, ಫ್ರಾನ್ಸಿಸ್ ಓಕಿಯ ಶೋಧನೆಯ ಆಧಾರದಿಂದ 3ಎಂ ಕಂಪೆನಿಯು 1921ರಲ್ಲಿ ಮಾರುಕಟ್ಟೆಗೆ ತಂದಿತು. ಬಣ್ಣ ತೀಡುವಾಗ ಏಳುತ್ತಿದ್ದ ಧೂಳನ್ನು ಆ ಕಾಗದ ಅಡಗಿಸಿತು. ಅದೇ ಕಾಗದವನ್ನು ಪರೀಕ್ಷೆಗಾಗಿ ಕಾರ್ಯಾಗಾರಗಳಿಗೆ ಒಯ್ಯುತ್ತಿದ್ದ ರಿಚರ್ಡ್ ಡ್ರೂ ಎಂಬ ತರುಣನು, ಎರಡು ಬಣ್ಣದ ಕಾರುಗಳಿಗೆ ಗೆರೆ ಕೂಡಿಸಲು ಅಂಟಿಸಿದ ಪಟ್ಟಿಗಳು ಕೀಳುವಾಗ ಬಣ್ಣವನ್ನೇ ಕಿತ್ತುಕೊಂಡು ಬರುತ್ತಿದ್ದ ಕಷ್ಟವನ್ನು ಕಣ್ಣಾರೆ ಕಂಡು, 1925ರಲ್ಲಿ ಮಾಸ್ಕಿಂಗ್ ಟೇಪನ್ನು ಸೃಷ್ಟಿಸಿದನು.

ಲ್ಯಾಕರಿಗೂ, ಅದರ ಬೆನ್ನಿಗೆ 1930ರ ದಶಕದಲ್ಲಿ ಬಂದ ಆಲ್ಕಿಡ್ ಎನಾಮೆಲಿಗೂ ಒಂದು ಸಮಾನ ಗುಣವಿದ್ದಿತು: ಬಣ್ಣ ಮತ್ತು ಹೊಳಪು ಒಂದೇ ಪದರದಲ್ಲಿ ಬೆರೆತಿದ್ದುವು. ಬಿಸಿಲಿಗೆ ಮೇಲ್ಮೈ ಸುಣ್ಣದ ಪುಡಿಯಂತೆ ಸಡಿಲವಾದಾಗ, ಆ ಸತ್ತ ಪೊರೆಯನ್ನು ರಬ್ಬಿಂಗ್ ಕಾಂಪೌಂಡಿನಿಂದ ತೆಗೆದುಹಾಕಿದರೆ ಕೆಳಗಿನ ಜೀವಂತ ಬಣ್ಣ ಹೊರಬರುತ್ತಿತ್ತು. ಬಟ್ಟೆಗೆ ಕಾರಿನ ಬಣ್ಣವೇ ಅಂಟುವುದು ಈ ಜಾತಿಯ ಲೇಪದ ಗುರುತು. ಅನಂತರ ಬ್ರಜಿಲ್ ದೇಶದ ಕಾರ್ನೌಬ ತಾಳೆಯ ಎಲೆಗಳಿಂದ ಬರುವ, ಎಂಬತ್ತು ಡಿಗ್ರಿಗೂ ಮೀರಿದ ಉಷ್ಣದಲ್ಲಿ ಮಾತ್ರ ಕರಗುವ ಗಟ್ಟಿ ಮೇಣವನ್ನು ಹಚ್ಚಿ ತಿಕ್ಕಿದರೆ ಕೆಲಸ ಮುಗಿಯಿತು. ಈ ವಿಧಾನ ಸುಲಭವಾಗಿದ್ದುದರಿಂದಲೇ ಅದರಲ್ಲಿ ಒಂದು ಅಪಾಯವೂ ಅಡಗಿತ್ತು. ಪ್ರತಿ ಬಾರಿ ಹೊಳೆಸಿದಾಗಲೂ ಬಣ್ಣದ ಒಂದಂಶ ಶಾಶ್ವತವಾಗಿ ಹೊರಟುಹೋಗುತ್ತಿತ್ತು. ಬಾನೆಟ್ಟಿನ ಏಣುಗಳಲ್ಲಿ ತಳಲೇಪವಾದ ಪ್ರೈಮರಿನ ಬೂದು ಬಣ್ಣ ಇಣುಕುವ ಹಳೆಯ ಕಾರುಗಳು, ಒಡೆಯನ ಅಲಕ್ಷ್ಯಕ್ಕಿಂತ ಹೆಚ್ಚಾಗಿ ಅವನ ಅತಿಶ್ರದ್ಧೆಗೆ ಸಾಕ್ಷಿಗಳಾಗಿರುವುದುಂಟು.

ಬಣ್ಣದ ಮಾತು ಹೀಗಿರಲು, ತಗಡಿನ ದುರಸ್ತಿಯ ಇತಿಹಾಸವು ಇದಕ್ಕಿಂತ ಸ್ವಾರಸ್ಯವಾದುದು. ನಗ್ಗಿದ ತಗಡಿನ ಹಿಂದೆ ಡಾಲಿಯೆಂಬ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿದು ಮುಂದಿನಿಂದ ಸುತ್ತಿಗೆಯ ಹಗುರವಾದ ಪೆಟ್ಟುಗಳನ್ನು ಕೊಡುತ್ತ, ಎಲ್ಲಿ ಲೋಹ ಹಿಗ್ಗಿದೆಯೋ ಅಲ್ಲಿ ಕೆಂಪಗೆ ಕಾಯಿಸಿ ಒದ್ದೆ ಬಟ್ಟೆಯಿಂದ ತಣಿಸಿ ಕುಗ್ಗಿಸುತ್ತ, ಅಂಗೈಯನ್ನು ಸವರಿ ಏರುತಗ್ಗುಗಳನ್ನು ಕಣ್ಣಿಗಿಂತ ನಿಖರವಾಗಿ ಅರಿಯುವ ಆ ಕೌಶಲ್ಯವು ಪುಸ್ತಕದಿಂದ ಬರುವಂತಹದಲ್ಲ. ಆದರೂ ಅಮೆರಿಕದ ಫ್ರಾಂಕ್ ಸಾರ್ಜೆಂಟ್ ಎಂಬಾತನು 1939ರಲ್ಲಿ ಪ್ರಕಟಿಸಿದ ಕೈಪಿಡಿಯೊಂದು ಈ ಕಸುಬಿಗೆ ಮೊದಲ ಬಾರಿಗೆ ಶಾಸ್ತ್ರದ ರೂಪವನ್ನು ಕೊಟ್ಟಿತೆನ್ನಬಹುದು: ತಗಡು ಯಾವ ಕ್ರಮದಲ್ಲಿ ಮಡಿಚಿಕೊಂಡಿತೋ ಅದಕ್ಕೆ ವಿಲೋಮವಾದ ಕ್ರಮದಲ್ಲಿ ಬಿಚ್ಚಬೇಕು, ಕೊನೆಗೆ ಆದ ಪೆಟ್ಟನ್ನು ಮೊದಲು ತೆಗೆಯಬೇಕು ಎಂಬುದು ಅದರ ಸೂತ್ರ. ಬಣ್ಣ ಕೆಡದ ಸಣ್ಣ ನಗ್ಗುಗಳನ್ನು ಹಿಂದಿನಿಂದ ಸನ್ನೆಕೋಲುಗಳನ್ನು ತೂರಿಸಿ ಕೂದಲೆಳೆಯಷ್ಟೇ ಅಷ್ಟಷ್ಟಾಗಿ ಮೇಲೆತ್ತುವ ಇಂದಿನ ಪದ್ಧತಿಯೂ, ಎಂದರೆ ಪೇಂಟು ಹಾಕದೆಯೇ ಮಾಡುವ ಡೆಂಟಿನ ದುರಸ್ತಿಯೂ, ಇದೇ ಸೂತ್ರದ ಸೂಕ್ಷ್ಮ ರೂಪ.

ಸುತ್ತಿಗೆಯಿಂದ ಪೂರ್ತಿ ಸರಿಯಾಗದ ತಗ್ಗನ್ನು ಹಿಂದಿನವರು ಸೀಸದಿಂದ ತುಂಬುತ್ತಿದ್ದರು. ತಗಡಿಗೆ ಮೊದಲು ಕಲಾಯಿ ಹಾಕಿ, ಸುಮಾರು ಏಳು ಪಾಲು ಸೀಸ, ಮೂರು ಪಾಲು ತವರ ಬೆರೆತ ಮಿಶ್ರಲೋಹವನ್ನು 183 ಡಿಗ್ರಿಗೂ ಸುಮಾರು 255 ಡಿಗ್ರಿಗೂ ನಡುವೆ ಮೆತ್ತನೆಯ ಸ್ಥಿತಿಯಲ್ಲಿ ಹಿಡಿದು, ಕೊಬ್ಬು ಸವರಿದ ಮರದ ಹಲಗೆಯಿಂದ ಹರಡಿ, ತಣಿದ ಮೇಲೆ ಅರದಿಂದ ಅರೆಯುವ ಈ ಕೆಲಸವು ಲೋಹದೊಡನೆ ಲೋಹವನ್ನೇ ಕೂಡಿಸಿದುದರಿಂದ ದಶಕಗಳವರೆಗೆ ಬಾಳುತ್ತಿತ್ತು. ಕೆಲಸಗಾರನ ರಕ್ತಕ್ಕೆ ಸೀಸದ ವಿಷವನ್ನು ಸೇರಿಸುತ್ತಿದ್ದುದೂ ಅಷ್ಟೇ ನಿಜ. 1950ರ ದಶಕದ ನಡುವಣಲ್ಲಿ ಪಾಲಿಯೆಸ್ಟರ್ ರಾಳಕ್ಕೆ ಟಾಲ್ಕ್ ಪುಡಿಯನ್ನು ಬೆರೆಸಿದ ಪುಟ್ಟಿಯು ಬಂದು ಇದೆಲ್ಲವನ್ನೂ ಹಿಂದಕ್ಕೆ ಸರಿಸಿತು. ಗಟ್ಟಿಕಾರಕವನ್ನು ಕಲಸಿದ ಕೆಲವೇ ನಿಮಿಷಗಳಲ್ಲಿ ಅದು ಬಿಗಿಯುತ್ತದೆ. ಬೆಂಕಿ ಬೇಡ, ಕಲಾಯಿ ಬೇಡ. ಒಂದೆರಡು ಮಿಲಿಮೀಟರು ದಪ್ಪದಲ್ಲಿ, ಶುದ್ಧವಾದ ಲೋಹದ ಮೇಲೆ ಹಾಕಿದರೆ ಪುಟ್ಟಿ ದೋಷವಿಲ್ಲದ ವಸ್ತು. ಆದರೆ ಸುತ್ತಿಗೆಯ ಶ್ರಮವನ್ನು ಉಳಿಸಲು ಬೆರಳ ದಪ್ಪಕ್ಕೆ ಮೆತ್ತಿದಾಗ, ಅದರೊಳಗಿನ ಟಾಲ್ಕು ತೇವವನ್ನು ಹೀರಿ, ಕೆಳಗಿನ ತಗಡು ಕಣ್ಣಿಗೆ ಕಾಣದಂತೆ ತುಕ್ಕು ಹಿಡಿದು, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಉಬ್ಬಿ ನಿಲ್ಲುತ್ತದೆ. ತೆಳುವಾದ ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತವನ್ನು ಬಾಗಿಲ ಕೆಳಭಾಗಕ್ಕೂ ಚಕ್ರದ ಕಮಾನಿಗೂ ಹಿಡಿದು ನೋಡಿದರೆ, ಹಳೆಯ ಕಾರನ್ನು ಕೊಳ್ಳುವವನಿಗೆ ಈ ಸತ್ಯ ಕ್ಷಣದಲ್ಲಿ ತಿಳಿಯುತ್ತದೆ.

ನಮ್ಮ ನಾಡಿನಲ್ಲಿ ಈ ಕಸುಬು ಟಿಂಕರಿಂಗ್ ಎಂಬ ಹೆಸರಿನಿಂದ ಬೇರೂರಿ, ಬೆಂಗಳೂರಿನ ಜೆ.ಸಿ. ರಸ್ತೆಯ ಆಸುಪಾಸಿನಿಂದ ಹಿಡಿದು ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಹಿಂಬದಿಯವರೆಗೆ ಹಬ್ಬಿತು. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಅಂಬಾಸಡರ್, ಫಿಯೆಟ್ ಕಾರುಗಳ ಯುಗದಲ್ಲಿ ಇದ್ದ ಗಾಡಿಯನ್ನು ಬಾಳಿಸುವುದಲ್ಲದೆ ಬೇರೆ ಮಾರ್ಗವಿರಲಿಲ್ಲ. ಸಿಗದ ಮಡ್‌ಗಾರ್ಡನ್ನು ಬೋಳು ತಗಡಿನಿಂದ ಬಡಿದು ನಿರ್ಮಿಸಬಲ್ಲ ಕೈಗಳು ಆ ಅಭಾವದಲ್ಲಿಯೇ ಪಳಗಿದುವು. ಇಂದು ವಿಮೆಯ ಹಣದಿಂದ ಇಡೀ ಬಾಗಿಲನ್ನೇ ಬದಲಾಯಿಸುವುದು ವಾಡಿಕೆಯಾಗಿ, ಆ ವಿದ್ಯೆಯನ್ನು ಕಲಿಯುವ ಹುಡುಗರು ಕಡಿಮೆಯಾಗುತ್ತಿರುವುದು ನಿಜವಾದ ನಷ್ಟ.

ತುಕ್ಕಿನ ವಿಷಯದಲ್ಲಿ ಕಾರ್ಖಾನೆಗಳೇ ದೊಡ್ಡ ಹೆಜ್ಜೆಯನ್ನಿಟ್ಟುವು. 1960ರ ದಶಕದಲ್ಲಿ ಫೋರ್ಡ್ ಕಂಪೆನಿಯು ಕಾರಿನ ಇಡೀ ಮೈಯನ್ನು ಪ್ರೈಮರಿನ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ, ಕುಂಚವೂ ಸಿಂಪಡಿಕೆಯೂ ತಲುಪದ ಪೊಳ್ಳುಗಳಿಗೂ ಲೇಪವನ್ನು ಏರಿಸುವ ವಿಧಾನವನ್ನು ರೂಢಿಗೆ ತಂದಿತು. 1970ರ ದಶಕದಲ್ಲಿ ಅದರ ಕ್ಯಾಥೋಡಿಕ್ ರೂಪ, ಎಂದರೆ ಕಾರಿನ ಮೈಯನ್ನೇ ಋಣಧ್ರುವವಾಗಿಸುವ ರೂಪ, ಬಂದ ಮೇಲೆ ಕಾರುಗಳ ಆಯುಷ್ಯವೇ ಬದಲಾಯಿತು. ಸತುವಿನ ಲೇಪವುಳ್ಳ ತಗಡೂ ಅದರ ಜತೆಗೂಡಿತು. ಹೀಗಿದ್ದರೂ ಮಂಗಳೂರು, ಉಡುಪಿ, ಕಾರವಾರಗಳ ಉಪ್ಪುಗಾಳಿಯಲ್ಲಿ ಬಾಳುವ ಕಾರು ಬಯಲುಸೀಮೆಯ ಕಾರಿಗಿಂತ ಬೇಗ ಶಿಥಿಲವಾಗುವುದನ್ನು ಎಲ್ಲರೂ ಬಲ್ಲರು. ಬಾಗಿಲಿನ ತಳದಲ್ಲಿ ನೀರು ಹರಿದುಹೋಗಲೆಂದು ಇಟ್ಟಿರುವ ರಂಧ್ರಗಳು ಮಣ್ಣು ತರಗೆಲೆಗಳಿಂದ ಮುಚ್ಚಿಕೊಳ್ಳದಂತೆ ಮಳೆಗಾಲಕ್ಕೆ ಮುಂಚೆ ನೋಡಿಕೊಳ್ಳುವುದು ಯಾವ ದುಬಾರಿ ಲೇಪಕ್ಕಿಂತಲೂ ಮಿಗಿಲಾದ ರಕ್ಷಣೆ.

1980ರ ದಶಕದಿಂದ ವ್ಯಾಪಕವಾದ ಕ್ಲಿಯರ್ ಕೋಟು ದುರಸ್ತಿಯ ತತ್ತ್ವವನ್ನೇ ಮಾರ್ಪಡಿಸಿತು. ಬಣ್ಣವು ಕೆಳಗೆ ತೆಳುವಾಗಿ ಉಳಿದು, ಅದರ ಮೇಲೆ ನಲವತ್ತು ಐವತ್ತು ಮೈಕ್ರಾನಿನ ಪಾರದರ್ಶಕ ಪದರವೊಂದು ಹೊಳಪಿನ ಮತ್ತು ರಕ್ಷಣೆಯ ಹೊಣೆಯನ್ನೆಲ್ಲ ಹೊತ್ತಿತು. ತಲೆಗೂದಲಿಗಿಂತ ತೆಳುವಾದ ಈ ಪೊರೆಯಲ್ಲಿ ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ದ್ರವ್ಯಗಳು ಬೆರೆತಿರುವುದರಿಂದ, ಹೊಳಪಿಗಾಗಿ ಅದನ್ನು ತೀಡಿದಷ್ಟೂ ಕೆಳಗಿನ ಬಣ್ಣದ ಆಯುಷ್ಯ ಕುಂದುತ್ತದೆ. ಒಮ್ಮೆ ಅದು ಸುಲಿದು ಬಿಳಿಯ ಪಕಳೆಗಳಾಗಿ ಎದ್ದಿತೆಂದರೆ ಯಾವ ಪಾಲಿಶ್ಶೂ ಅದನ್ನು ಕೂಡಿಸಲಾರದು. ಆದುದರಿಂದಲೇ ಬಣ್ಣದ ದಪ್ಪವನ್ನು ಅಳೆಯುವ ಚಿಕ್ಕ ಯಂತ್ರವು ಇಂದು ಬಲ್ಲ ಪಾಲಿಶ್‌ಗಾರನ ಮೊದಲ ಸಾಧನವಾಗಿದೆ. ಒಂದೇ ಕೇಂದ್ರದ ಸುತ್ತ ವೇಗವಾಗಿ ತಿರುಗಿ ಬಣ್ಣವನ್ನು ಸುಡಬಲ್ಲ ಹಳೆಯ ಯಂತ್ರದ ಬದಲು, ಸುತ್ತುತ್ತಲೇ ತೂಗಾಡುವ ಎರಡು ಚಲನೆಯ ಯಂತ್ರವು ಬಂದುದೂ, ಮೇಲ್ಮೈಗೆ ಅಂಟಿದ ಕಬ್ಬಿಣದ ಕಣಗಳನ್ನೂ ಮರದ ಅಂಟನ್ನೂ ತೀಡದೆಯೇ ಎತ್ತಿಕೊಳ್ಳುವ ಜೇಡಿಮಣ್ಣಿನಂತಹ ಉಂಡೆಗೆ ಜಪಾನಿನ ತಡಾವೋ ಕೊದಾತೆ 1995ರಲ್ಲಿ ಅಮೆರಿಕದ ಪೇಟೆಂಟು ಪಡೆದುದೂ, ಕಡಿಮೆ ಸವೆಸಬೇಕೆಂಬ ಈ ಅರಿವಿನ ಫಲಗಳೇ. ಸಿಲಿಕಾ ಮೂಲದ ಸೆರಾಮಿಕ್ ಲೇಪಗಳು ನೀರನ್ನೂ ಕೊಳೆಯನ್ನೂ ದೂರವಿಡುವುದು ನಿಜ. ಕೆಲವೇ ಮೈಕ್ರಾನಿನ ಆ ಲೇಪ ಗೀರುಗಳನ್ನು ತಡೆಯುತ್ತದೆಂಬ ಮಾತನ್ನು ನಂಬಬಾರದು.

ಗೀರುಗಳು ಹುಟ್ಟುವುದು ಹೆಚ್ಚಾಗಿ ಮನೆಯ ಅಂಗಳದಲ್ಲಿಯೇ. ರಾತ್ರಿಯ ಧೂಳು ಕುಳಿತ ಕಾರನ್ನು ಬೆಳಗಿನಲ್ಲಿ ಒಣಬಟ್ಟೆಯಿಂದ ಒರೆಸುವ ನಮ್ಮ ಸಾರ್ವತ್ರಿಕ ಪದ್ಧತಿಯು, ಮರಳಿನ ಕಣಗಳನ್ನು ಕ್ಲಿಯರ್ ಕೋಟಿನ ಮೇಲೆ ಎಳೆದಾಡಿ, ಬಿಸಿಲಿನಲ್ಲಿ ಜೇಡರಬಲೆಯಂತೆ ಹೊಳೆಯುವ ಗೀರುಗಳ ಜಾಲವನ್ನು ನೇಯುತ್ತದೆ. ಮೊದಲು ಧಾರಾಳವಾಗಿ ನೀರು ಸುರಿದು ಧೂಳನ್ನು ಇಳಿಸಬೇಕು. ಕೊಳವೆಬಾವಿಯ ಗಡಸು ನೀರನ್ನು ಬಿಸಿಲಿನಲ್ಲಿ ಆರಲು ಬಿಡದೆ ಕೂಡಲೇ ಮೆತ್ತನೆಯ ಬಟ್ಟೆಯಿಂದ ಹೀರಿಸಬೇಕು, ಇಲ್ಲವಾದರೆ ಸುಣ್ಣದ ಕಲೆಗಳು ಕಚ್ಚಿಕೊಳ್ಳುತ್ತವೆ. ಹಕ್ಕಿಯ ಹಿಕ್ಕೆ ಬಿದ್ದ ಜಾಗವನ್ನು ಉಜ್ಜದೆ ಒದ್ದೆ ಬಟ್ಟೆಯನ್ನು ಹಾಸಿ ನೆನೆಸಿ ತೆಗೆಯಬೇಕು. ಬಿಸಿಲಿಗೆ ಮೃದುವಾದ ಬಣ್ಣವು ಒಣಗಿ ಕುಗ್ಗುವ ಹಿಕ್ಕೆಯ ಸುತ್ತ ಅಚ್ಚಿನಂತೆ ಹೆಪ್ಪುಗಟ್ಟಿದರೆ ಆ ಕಲೆ ಹೋಗುವುದು ಕಷ್ಟ. ಪಾಲಿಕಾರ್ಬೊನೇಟಿನ ದೀಪಗಳು ಹಳದಿಯಾದಾಗ ತೀಡಿ ಹೊಳೆಸಿದರೆ ಸಾಲದು, ಬಿಸಿಲು ತಡೆಯುವ ಹೊಸ ಲೇಪವನ್ನೂ ಕೊಡಬೇಕು.

ಪೂರ್ತಿ ಬಣ್ಣ ಹಾಕಿಸಲೇಬೇಕಾದ ಸಂದರ್ಭದಲ್ಲಿ ನೆನೆಯಬೇಕಾದ ಇನ್ನೊಂದು ಸಂಗತಿಯಿದೆ. ಇಂದಿನ ಎರಡು ದ್ರವಗಳ ಪಾಲಿಯುರಿಥೇನ್ ಬಣ್ಣಗಳ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಮಂಜನ್ನು ಉಸಿರಾಡಿದವರಿಗೆ ಜೀವಮಾನದ ಉಬ್ಬಸ ಅಂಟಿಕೊಳ್ಳಬಹುದು. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಿಂದ ಒದಗಿಸುವ ಮುಖವಾಡವಲ್ಲದೆ ಬೇರಾವುದೂ ಇದಕ್ಕೆ ಸಮರ್ಪಕವಲ್ಲ. ಯೂರೋಪಿನಲ್ಲಿ 2007ರಿಂದ ದುರಸ್ತಿಯ ಬಣ್ಣಗಳ ದ್ರಾವಕಕ್ಕೆ ಕಾನೂನಿನ ಮಿತಿ ಬಂದು ನೀರಿನ ಆಧಾರದ ಬಣ್ಣಗಳು ಪ್ರಚಾರವಾಗಿವೆ. ನಮ್ಮ ಅನೇಕ ಕಾರ್ಯಾಗಾರಗಳಲ್ಲಿ ಹುಡುಗರು ಇನ್ನೂ ಕರವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು ಸಿಂಪಡಿಸುತ್ತಿದ್ದಾರೆ. ಹೊಳಪಿನ ಬೆಲೆಯನ್ನು ಅವರ ಶ್ವಾಸಕೋಶಗಳು ತೆರಬಾರದು.

ಈ ಕ್ಷೇತ್ರದ ವಿಚಾರವು ಪಕ್ವವಾದುದಕ್ಕೆ ಗುರುತಾಗಿ, ಪುರಾತನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಟ್ಯೂರಿನ್ ಸನ್ನದನ್ನು ಅಂಗೀಕರಿಸಿ, ಸಂರಕ್ಷಣೆಗೆ ಮೊದಲ ಸ್ಥಾನವನ್ನೂ ಪೂರ್ಣ ಪುನರ್ನವೀಕರಣಕ್ಕೆ ಕೊನೆಯ ಸ್ಥಾನಗಳಲ್ಲೊಂದನ್ನೂ ಕೊಟ್ಟಿತು. ಕನ್ನಡಿಯಂತೆ ಹೊಳೆಯುವ ಕಾರುಗಳಿಗಷ್ಟೇ ಮನ್ನಣೆಯಿದ್ದ ಕ್ಯಾಲಿಫೋರ್ನಿಯದ ಪೆಬಲ್ ಬೀಚ್ ಪ್ರದರ್ಶನದಲ್ಲಿಯೂ ಈ ಶತಮಾನದ ಆದಿಯಿಂದ ಮೂಲ ಬಣ್ಣವನ್ನು ಉಳಿಸಿಕೊಂಡ ಕಾರುಗಳಿಗೆ ಪ್ರತ್ಯೇಕ ವರ್ಗವಿದೆ. ಧರ್ಮಸ್ಥಳದ ಮಂಜೂಷಾ ಸಂಗ್ರಹದ ಹಳೆಯ ಕಾರುಗಳನ್ನು ಕಾಣಹೋಗುವ ಓದುಗರು ಮೆರುಗಿನ ಜತೆಗೆ ಬಣ್ಣದ ವಯಸ್ಸನ್ನೂ ಗಮನಿಸಬೇಕೆಂದು ನನ್ನ ಕೋರಿಕೆ. ನಿಮ್ಮ ಮನೆಯಲ್ಲಿಯೇ ಹಳೆಯ ಕಾರೊಂದಿದ್ದು, ಪೂರ್ತಿ ಪೇಂಟು ಹೊಡೆಸಿಬಿಡೋಣವೆಂದು ಯಾರಾದರೂ ಹೇಳಿದರೆ, ಒಪ್ಪುವುದಕ್ಕೆ ಮುಂಚೆ ಬಣ್ಣದ ದಪ್ಪವನ್ನು ಅಳೆಯಿಸಿರಿ, ಒಂದು ಮೂಲೆಯಲ್ಲಿ ಕೈಯಿಂದಲೇ ಸ್ವಲ್ಪ ಪಾಲಿಶ್ ಹಾಕಿ ನೋಡಿರಿ, ತುಕ್ಕು ಕಂಡಲ್ಲಿ ಅಷ್ಟನ್ನೇ ದುರಸ್ತಿ ಮಾಡಿಸಿರಿ.