ವೃತ್ತ ನಕ್ಷೆಯ ರಚನೆ ಮತ್ತು ವಾಚನ: ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳ ನಿದರ್ಶನ

ಪೀಠಿಕೆ

ಸಮೀಕ್ಷೆಯಿಂದ ಸಂಗ್ರಹಿಸಿದ ಅಂಕಿ-ಅಂಶಗಳನ್ನು ಸುಲಭವಾಗಿ ಗ್ರಹಿಸಲು ಬಳಸುವ ಚಿತ್ರರೂಪಗಳಲ್ಲಿ ವೃತ್ತ ನಕ್ಷೆಯೂ (ಪೈ ನಕ್ಷೆ) ಒಂದು. ಇದರಲ್ಲಿ ಪೂರ್ಣ ವೃತ್ತವು ಒಟ್ಟು ಸಂಖ್ಯೆಯನ್ನೂ ಪ್ರತಿಯೊಂದು ತ್ರಿಜ್ಯಾಂತರ ಖಂಡವು ಆ ಒಟ್ಟಿನ ಒಂದು ಭಾಗವನ್ನೂ ಸೂಚಿಸುತ್ತದೆ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1801ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಈ ನಕ್ಷೆಯನ್ನು ಬಳಸಿದನು. ಇದಕ್ಕೆ ಆಧಾರವಾದ ಭಿನ್ನರಾಶಿಗಳ ಗಣಿತವಾದರೋ ಈ ಪ್ರದೇಶಕ್ಕೆ ಹಳೆಯದು. ಇಂದಿನ ಸೇಡಂ ತಾಲ್ಲೂಕಿನ ಮಳಖೇಡವನ್ನು ರಾಜಧಾನಿಯಾಗಿ ಹೊಂದಿದ್ದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಭಿನ್ನರಾಶಿಗಳಿಗೆ ಪ್ರತ್ಯೇಕ ಅಧ್ಯಾಯವಿದೆ.

ನಿದರ್ಶನದ ಅಂಕಿ-ಅಂಶಗಳು

ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಪ್ರಾದೇಶಿಕ ಅಸಮತೋಲನ ನಿವಾರಣಾ ಉನ್ನತಾಧಿಕಾರ ಸಮಿತಿಯು 2002ರಲ್ಲಿ ವರದಿ ಸಲ್ಲಿಸಿತು. 35 ಸೂಚಕಗಳನ್ನು ಆಧರಿಸಿ ರಾಜ್ಯದ ಅಂದಿನ 175 ತಾಲ್ಲೂಕುಗಳನ್ನು ಈ ಕೆಳಕಂಡಂತೆ ವರ್ಗೀಕರಿಸಲಾಯಿತು:

ಅತ್ಯಂತ ಹಿಂದುಳಿದ ತಾಲ್ಲೂಕುಗಳು – 39
ಅತಿ ಹಿಂದುಳಿದ ತಾಲ್ಲೂಕುಗಳು – 40
ಹಿಂದುಳಿದ ತಾಲ್ಲೂಕುಗಳು – 35
ಸಾಪೇಕ್ಷವಾಗಿ ಮುಂದುವರಿದ ತಾಲ್ಲೂಕುಗಳು – 61

ಸೇಡಂ, ಚಿತ್ತಾಪುರ ಮತ್ತು ಚಿಂಚೋಳಿ ತಾಲ್ಲೂಕುಗಳು ಮೊದಲನೆಯ ವರ್ಗಕ್ಕೆ ಸೇರಿದ್ದವು. ವಾಡಿ ಮತ್ತು ಶಹಾಬಾದ್ ಪಟ್ಟಣಗಳು ಆಗ ಚಿತ್ತಾಪುರ ತಾಲ್ಲೂಕಿನಲ್ಲಿದ್ದುದರಿಂದ ಅವುಗಳಿಗೂ ಇದೇ ವರ್ಗೀಕರಣ ಅನ್ವಯವಾಯಿತು. ಮೊದಲ ಮೂರು ವರ್ಗಗಳ 114 ತಾಲ್ಲೂಕುಗಳಿಗಾಗಿ ವಿಶೇಷ ಅಭಿವೃದ್ಧಿ ಯೋಜನೆಯನ್ನು 2007-08ರಿಂದ ಕೈಗೊಳ್ಳಲಾಯಿತು. ಹೀಗೆ ಒಂದು ತಾಲ್ಲೂಕು ಯಾವ ಖಂಡದಲ್ಲಿದೆ ಎಂಬುದು ಅನುದಾನಕ್ಕೂ ಸಂಬಂಧಿಸಿದ ವಿಷಯವಾಗಿತ್ತು.

ರಚನಾ ಕ್ರಮ

1. ಭಾಗಗಳನ್ನು ಕೂಡಿ ಒಟ್ಟನ್ನು ಪರಿಶೀಲಿಸಬೇಕು: 39 + 40 + 35 + 61 = 175.

2. ಪ್ರತಿ ಭಾಗವನ್ನು ಒಟ್ಟಿನಿಂದ ಭಾಗಿಸಿ 360ರಿಂದ ಗುಣಿಸಿದರೆ ಕೇಂದ್ರ ಕೋನ ದೊರೆಯುತ್ತದೆ. ಅವು ಕ್ರಮವಾಗಿ 80.23, 82.29, 72 ಮತ್ತು 125.49 ಡಿಗ್ರಿಗಳು.

3. ಕೋನಮಾಪಕದಿಂದ ಅಳೆಯಲು ಕೋನಗಳನ್ನು ಪೂರ್ಣಾಂಕಕ್ಕೆ ತರಬೇಕು. ಇಲ್ಲಿ 80, 82, 72 ಮತ್ತು 125ನ್ನು ಕೂಡಿದರೆ 359 ಆಗಿ ಒಂದು ಡಿಗ್ರಿ ಕಡಿಮೆಯಾಗುತ್ತದೆ. ಬಿಟ್ಟುಹೋದ ಭಿನ್ನಾಂಶ ಯಾವುದರಲ್ಲಿ ಹೆಚ್ಚೋ ಅದಕ್ಕೆ, ಅಂದರೆ 125.49ಕ್ಕೆ, ಆ ಡಿಗ್ರಿಯನ್ನು ಸೇರಿಸಿ 126 ಎಂದು ತೆಗೆದುಕೊಳ್ಳಬೇಕು.

4. ಕೈವಾರದಿಂದ ವೃತ್ತ ರಚಿಸಿ, ಒಂದು ತ್ರಿಜ್ಯವನ್ನೆಳೆದು, ಅಲ್ಲಿಂದ ಪ್ರದಕ್ಷಿಣವಾಗಿ ಒಂದೊಂದೇ ಕೋನವನ್ನು ಗುರುತಿಸಬೇಕು. ಶೀರ್ಷಿಕೆ, ವರ್ಷ, ಒಟ್ಟು ಸಂಖ್ಯೆ ಹಾಗೂ ಬಣ್ಣಗಳ ವಿವರಣೆಯನ್ನು ತಪ್ಪದೆ ನೀಡಬೇಕು.

ವಾಚನ ಕ್ರಮ

ವೃತ್ತ ನಕ್ಷೆಯನ್ನು ಓದುವಾಗ ಮೊದಲು ಕೇಳಬೇಕಾದ ಪ್ರಶ್ನೆ: ಇಲ್ಲಿ ಪೂರ್ಣ ವೃತ್ತವೆಂದರೆ ಯಾವುದು? ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ತಾಲ್ಲೂಕುಗಳು ಅಂದಿನ ಗುಲ್ಬರ್ಗಾ ವಿಭಾಗಕ್ಕೆ ಸೇರಿದ್ದವು. ಈ 21 ಎಂಬ ಸಂಖ್ಯೆಯನ್ನು ಮೂರು ಬಗೆಯಲ್ಲಿ ಚಿತ್ರಿಸಬಹುದು.

ರಾಜ್ಯದ 175 ತಾಲ್ಲೂಕುಗಳಲ್ಲಿ – ಶೇ. 12, ಕೋನ ಸುಮಾರು 43 ಡಿಗ್ರಿ
ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ – ಶೇ. 53.8, ಕೋನ ಸುಮಾರು 194 ಡಿಗ್ರಿ
ವಿಭಾಗದ ಅಂದಿನ 31 ತಾಲ್ಲೂಕುಗಳಲ್ಲಿ – ಶೇ. 67.7, ಕೋನ ಸುಮಾರು 244 ಡಿಗ್ರಿ

ಮೂರೂ ನಕ್ಷೆಗಳು ಸರಿಯಾದವುಗಳೇ. ಆದರೆ ಮೊದಲನೆಯದರಲ್ಲಿ ಸಮಸ್ಯೆ ಕಿರಿದಾಗಿಯೂ ಕೊನೆಯದರಲ್ಲಿ ವಿಭಾಗದ ಮೂರನೆಯ ಎರಡು ಭಾಗವನ್ನು ಆವರಿಸಿದಂತೆಯೂ ಕಾಣುತ್ತದೆ. ಒಟ್ಟು ಸಂಖ್ಯೆಯನ್ನು ನಮೂದಿಸದ ನಕ್ಷೆಯಿಂದ ತೀರ್ಮಾನಕ್ಕೆ ಬರಲಾಗದು.

ಗ್ರಾಮ ಸಮೀಕ್ಷೆಯಲ್ಲಿ ಅನ್ವಯ

ಈ ಭಾಗದಲ್ಲಿ ತೊಗರಿ ಬೇಸಾಯ, ಕಲ್ಲುಗಣಿ ಮತ್ತು ಸಿಮೆಂಟ್ ಕಾರ್ಖಾನೆಗಳ ಕೆಲಸ ಒಂದೇ ಕುಟುಂಬದಲ್ಲಿ ಇರುವುದುಂಟು. ಆದುದರಿಂದ ಕುಟುಂಬದ ಮುಖ್ಯ ಕಸುಬು ಒಂದನ್ನೇ ಕೇಳಬೇಕು. ಎರಡು ಉತ್ತರಗಳನ್ನು ಎಣಿಸಿದರೆ ಭಾಗಗಳ ಮೊತ್ತ ಶೇ. 100ನ್ನು ಮೀರುತ್ತದೆ. ಚಿಂಚೋಳಿ ತಾಲ್ಲೂಕಿನ ತಾಂಡಾಗಳಂತಹ ಕಡೆ ಕೆಲಸಕ್ಕಾಗಿ ವಲಸೆ ಹೋದವರ ಬೀಗ ಹಾಕಿದ ಮನೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಭ್ಯಾಸಕ್ಕಾಗಿ 60 ಮನೆಗಳ ಒಂದು ಊರನ್ನು ಕಲ್ಪಿಸಿಕೊಳ್ಳಬಹುದು: ಬೇಸಾಯ 24, ಕೂಲಿ 15, ಗಣಿ ಮತ್ತು ಕಾರ್ಖಾನೆ 12, ವ್ಯಾಪಾರ 3, ಬೀಗ ಹಾಕಿದ ಮನೆಗಳು 6. ಒಂದು ಮನೆಗೆ 6 ಡಿಗ್ರಿಯಂತೆ ಬೇಸಾಯದ ಕೋನ 144 ಡಿಗ್ರಿ, ಅಂದರೆ ಶೇ. 40. ಬೀಗ ಹಾಕಿದ ಮನೆಗಳನ್ನು ಕೈಬಿಟ್ಟರೆ ಅದೇ 24 ಮನೆಗಳು 160 ಡಿಗ್ರಿಗೆ, ಅಂದರೆ ಶೇ. 44.4ಕ್ಕೆ ಏರುತ್ತವೆ. ನಕ್ಷೆಯು ಪೂರ್ಣವಾಗಿಯೇ ಕಾಣುವುದಾದರೂ ವಲಸೆ ಹೋದ ಆರು ಕುಟುಂಬಗಳು ಅದರಿಂದ ಮರೆಯಾಗಿರುತ್ತವೆ.

ಗಮನಿಸಬೇಕಾದ ಅಂಶಗಳು

1. ವಿವಿಧ ತಾಲ್ಲೂಕುಗಳ ಸಾಕ್ಷರತಾ ಪ್ರಮಾಣಗಳು ಒಂದೇ ಒಟ್ಟಿನ ಭಾಗಗಳಲ್ಲ. ಅವುಗಳಿಗೆ ಸ್ತಂಭಾಲೇಖವೇ ಸೂಕ್ತ. ಒಂದು ತಾಲ್ಲೂಕಿನ ಸಾಕ್ಷರರು ಮತ್ತು ಅನಕ್ಷರಸ್ಥರ ಸಂಖ್ಯೆಗಳಿಗೆ ವೃತ್ತ ನಕ್ಷೆ ಹೊಂದುತ್ತದೆ.

2. ಬೇರೆ ಬೇರೆ ವರ್ಷಗಳ ನಕ್ಷೆಗಳನ್ನು ಹೋಲಿಸುವ ಮುನ್ನ ಗಡಿಗಳನ್ನು ಪರಿಶೀಲಿಸಬೇಕು. ಗುಲ್ಬರ್ಗಾ ಜಿಲ್ಲೆಯ ಜನಸಂಖ್ಯೆ 2001ರ ಜನಗಣತಿಯಲ್ಲಿ 31,30,922 ಮತ್ತು 2011ರಲ್ಲಿ 25,66,326. ಇದು ಜನಸಂಖ್ಯೆಯ ಇಳಿಕೆಯಲ್ಲ. 2009ರ ಡಿಸೆಂಬರ್‌ನಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾದುದರ ಪರಿಣಾಮ.

3. 2011ರ ಜನಗಣತಿಯ ಚಿತ್ತಾಪುರ ತಾಲ್ಲೂಕಿನಲ್ಲಿ ಶಹಾಬಾದ್ ಸೇರಿದೆ. ಅನಂತರ ಶಹಾಬಾದ್ ಪ್ರತ್ಯೇಕ ತಾಲ್ಲೂಕಾಗಿದ್ದು, ವಾಡಿ ಚಿತ್ತಾಪುರ ತಾಲ್ಲೂಕಿನಲ್ಲಿಯೇ ಉಳಿದಿದೆ. ಆದಕಾರಣ ಹಳೆಯ ಮತ್ತು ಹೊಸ ಅಂಕಿ-ಅಂಶಗಳನ್ನು ಒಂದೇ ವ್ಯಾಪ್ತಿಗೆ ಹೊಂದಿಸಿದ ಬಳಿಕವೇ ಹೋಲಿಸತಕ್ಕದ್ದು.